ಲ್ಯಾಬ್ರಡಾರ್ ಮರಿ ಆರಿಸುವುದು, ಆಮೇಲೆ ಅದರ ಪುಂಡಾಟ ಸಂಭಾಳಿಸುವುದು

ನನ್ನ ಮೊದಲ ಲ್ಯಾಬ್‌ಗೆ ಎಂಟು ತಿಂಗಳು ತುಂಬಿದಾಗ ಮನೆಯಲ್ಲಿ ಒಂದು ಚಪ್ಪಲಿಯೂ ಜೋಡಿಯಾಗಿ ಉಳಿದಿರಲಿಲ್ಲ. ಓಡಿಸಿ ಸುಸ್ತು ಮಾಡಿದರೆ ಸರಿಹೋಗುತ್ತಾನೆ ಅಂದುಕೊಂಡೆ. ಬೆಳಿಗ್ಗೆ, ಸಂಜೆ ಚೆಂಡು ಎಸೆದಿದ್ದೇ ಎಸೆದಿದ್ದು. ಮೊದಲ ವಾರ ಇಪ್ಪತ್ತು ನಿಮಿಷಕ್ಕೆ ನಾಲಿಗೆ ಹೊರಹಾಕಿ ಬಿದ್ದುಕೊಳ್ಳುತ್ತಿದ್ದ. ಎರಡು ತಿಂಗಳಾಗುವಷ್ಟರಲ್ಲಿ ಒಂದು ಗಂಟೆ ಓಡಿ ಬಂದರೂ ದಿಂಬು ಕಚ್ಚಿಕೊಂಡು 'ಮುಂದೇನು?' ಅನ್ನುವಂತೆ ನಿಲ್ಲುತ್ತಿದ್ದ. ಸುಸ್ತಾಗಿದ್ದು ನಾನು. ನಾಯಿಯನ್ನು ಶಾಂತ ಮಾಡಲು ಹೋಗಿ ಒಬ್ಬ ಓಟಗಾರನನ್ನು ತಯಾರು ಮಾಡಿದ್ದೆ.

ಎಲ್ಲಿ ಎಡವಿದೆ ಅಂತ ತಿಳಿಯಬೇಕಾದರೆ ಲ್ಯಾಬ್‌ನ ಹಳೆಯ ಕಸುಬು ಗೊತ್ತಿರಬೇಕು. ಇದರ ಪೂರ್ವಜರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ ಮೀನುಗಾರರ ಜೊತೆ ದುಡಿಯುತ್ತಿದ್ದ ನಾಯಿಗಳು. ಬಲೆಯ ಹಗ್ಗ ಎಳೆದು ತರುವುದು, ತಪ್ಪಿಸಿಕೊಂಡ ಮೀನು ಹಿಡಿಯುವುದು ಅವುಗಳ ಕೆಲಸ. (ಲ್ಯಾಬ್‌ನ ದಪ್ಪ ಬಾಲವನ್ನು ಇವತ್ತಿಗೂ ನೀರುನಾಯಿಯ ಬಾಲಕ್ಕೆ ಹೋಲಿಸುತ್ತಾರೆ.) 19ನೇ ಶತಮಾನದಲ್ಲಿ ಬ್ರಿಟನ್ನಿಗೆ ಹೋದ ಮೇಲೆ ಹಕ್ಕಿ ಬೇಟೆಗೆ ಬಳಕೆಯಾದವು. ಅಲ್ಲಿನ ನಾಯಿ ತಳಿಗಳ ಸಂಸ್ಥೆಯಾದ ಕೆನಲ್ ಕ್ಲಬ್ 1903ರಲ್ಲಿ ಇದನ್ನು ಪ್ರತ್ಯೇಕ ತಳಿ ಎಂದು ಒಪ್ಪಿಕೊಂಡಿತು. ಬೇಟೆಯಲ್ಲಿ ಈ ನಾಯಿ ಯಜಮಾನನ ಪಕ್ಕ ಗಪ್‌ಚುಪ್ಪಾಗಿ ಕೂರಬೇಕು. ಗುಂಡಿನ ಸದ್ದಾದರೂ, ಕಣ್ಣೆದುರೇ ಹಕ್ಕಿ ಬಿದ್ದರೂ ಅಲ್ಲಾಡಬಾರದು. 'ಹೋಗು' ಅಂದಾಗ ಮಾತ್ರ ಓಡಿ, ಮೂಗಿನಿಂದ ಹುಡುಕಿ, ಹಲ್ಲು ಊರದೆ ತಂದು ಕೈಗೆ ಕೊಡಬೇಕು. ಅಂದರೆ ಈ ಕಸುಬಿನಲ್ಲಿ ಓಟ ಸ್ವಲ್ಪ, ಕಾಯುವುದು ಜಾಸ್ತಿ. ನಾವು ಓಟವನ್ನಷ್ಟೇ ನೋಡುತ್ತೇವೆ. ಕಾಯುವುದನ್ನು ಕಲಿಸುವುದೇ ಇಲ್ಲ. ಇಲ್ಲಿ ಹೇಳುವ ಎಲ್ಲದರ ಹಿಂದೆ ಇರುವ ಲೆಕ್ಕ ಇದೇ.

ಹಂತ 1: ಮರಿ ನೋಡುವ ಮೊದಲು ಮನೆ ನೋಡಿಕೊಳ್ಳಿ

ಮರಿಯನ್ನು ಕೈಗೆತ್ತಿಕೊಂಡ ಮೇಲೆ ಬೇಡ ಅನ್ನುವವರು ಯಾರೂ ಇಲ್ಲ. ಹಾಗಾಗಿ ಪ್ರಶ್ನೆಗಳನ್ನು ಮೊದಲೇ ಕೇಳಿಕೊಳ್ಳಿ. ಮೊದಲ ಮೂರು ತಿಂಗಳು ಹಗಲಿನಲ್ಲಿ ಮನೆಯಲ್ಲಿ ಯಾರಿರುತ್ತಾರೆ? ಎರಡು ತಿಂಗಳ ಮರಿಯನ್ನು ಎಚ್ಚರವಿದ್ದಾಗ ಗಂಟೆಗೊಮ್ಮೆಯಾದರೂ ಹೊರಗೆ ಕರೆದೊಯ್ಯಬೇಕು. ಎಂಟು ಗಂಟೆ ಕೂಡಿಹಾಕಿ ಹೋಗುವ ಪರಿಸ್ಥಿತಿ ಇದ್ದರೆ ಸದ್ಯಕ್ಕೆ ಬೇಡ. ಬೆಳೆದ ಗಂಡು ಸುಮಾರು 29ರಿಂದ 36 ಕೆಜಿ ತೂಗುತ್ತದೆ, ಹೆಣ್ಣು 25ರಿಂದ 32 ಕೆಜಿ. ಅಷ್ಟು ತೂಕ ಬೆಕ್ಕು ಕಂಡು ಎಳೆದಾಗ ಹಗ್ಗ ಹಿಡಿದಿರುವವರು ಯಾರು? ಕೂದಲು ವರ್ಷಪೂರ್ತಿ ಉದುರುತ್ತದೆ. ಮನೆಯಲ್ಲಿ ಅಲರ್ಜಿ ಇರುವವರಿದ್ದರೆ ಲ್ಯಾಬ್ ಇರುವ ಮನೆಗೆ ನಾಲ್ಕಾರು ಸಲ ಹೋಗಿ ಕೂತು ನೋಡಿ. ಇನ್ನು ಕಾವಲಿಗೆ ಬೇಕು ಅನ್ನುವವರು ಬೇರೆ ತಳಿ ನೋಡಿಕೊಳ್ಳುವುದು ವಾಸಿ. ಲ್ಯಾಬ್ ಕಳ್ಳನಿಗೂ ಚೆಂಡು ತಂದುಕೊಡುತ್ತದೆ.

ಎರಡನೇ ವರ್ಷ ದಾಟಿದ, ಬೇರೆಯವರು ಬಿಟ್ಟುಕೊಡುತ್ತಿರುವ ಲ್ಯಾಬ್ ಸಿಕ್ಕರೆ ಅದನ್ನೂ ಯೋಚಿಸಿ. ಅದರ ಸ್ವಭಾವ ಆಗಲೇ ಎದುರಿಗೆ ಕಾಣುತ್ತದೆ, ಊಹೆ ಬೇಕಿಲ್ಲ. ಆದರೆ 'ಜೊತೆಗಿರಲಿ' ಅಂತ ಒಂದೇ ಸೂಲಿನ ಎರಡು ಮರಿಗಳನ್ನು ಮಾತ್ರ ತರಬೇಡಿ. ಅವು ಒಂದಕ್ಕೊಂದು ಅಂಟಿಕೊಂಡು ನಿಮ್ಮ ಮಾತಿಗೆ ಕಿವಿಗೊಡದೆ ಹೋಗಬಹುದು. ಕೆಲಸವಂತೂ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ.

ಹಂತ 2: ಮರಿಗಿಂತ ಮೊದಲು ತಾಯಿಯನ್ನು ನೋಡಿ

ಲ್ಯಾಬ್‌ನಲ್ಲಿ ಎರಡು ಬಗೆಯ ವಂಶಗಳಿವೆ. ಪ್ರದರ್ಶನಕ್ಕೆ ಬೆಳೆಸಿದವು ಅಗಲ ತಲೆ, ಗುಂಡು ಮೈ, ತುಸು ನಿಧಾನ. ಕೆಲಸಕ್ಕೆ ಬೆಳೆಸಿದವು ತೆಳ್ಳಗೆ, ಉದ್ದ ಕಾಲು, ಸದಾ ತುದಿಗಾಲಲ್ಲಿ. ಎರಡೂ ಚುರುಕೇ. ಆದರೆ ಮೊದಲ ಸಲ ನಾಯಿ ಸಾಕುವವರಿಗೆ ಕೆಲಸದ ವಂಶದ ಮರಿ ಭಾರವಾಗಬಹುದು. ಇದನ್ನು ಬ್ರೀಡರ್ (ಮರಿ ಹಾಕಿಸಿ ಮಾರುವವರು) ಹತ್ತಿರ ನೇರವಾಗಿ ಕೇಳಿ. ಉತ್ತರ ಗೊತ್ತಿಲ್ಲದ ಬ್ರೀಡರ್ ಸಿಕ್ಕರೆ ಅಲ್ಲಿಂದ ಹೊರಡಿ.

ತಾಯಿ ಹೊಸಬರನ್ನು ಕಂಡು ಹೇಗಿರುತ್ತಾಳೆ ಅನ್ನುವುದು ಮರಿಗಳ ಬಗ್ಗೆ ಬಹಳಷ್ಟು ಹೇಳುತ್ತದೆ. ಬಾಲ ಆಡಿಸಿ ಬಂದು, ಮೂಸಿ, ಸ್ವಲ್ಪ ಹೊತ್ತಿಗೆ ತನ್ನ ಪಾಡಿಗೆ ಮಲಗಿದರೆ ಒಳ್ಳೆಯ ಲಕ್ಷಣ. ಮೂಲೆಗೆ ಸರಿದು ಗುರುಗುಟ್ಟುವ, ಅಥವಾ ಅರ್ಧ ಗಂಟೆಯಾದರೂ ಒಂದು ಕ್ಷಣ ನೆಲಕ್ಕೆ ಕೂರದ ತಾಯಿಯ ಮರಿಗಳು ಬೇಡ. ತಂದೆ ಬೇರೆ ಕಡೆ ಇರುವುದು ಮಾಮೂಲಿ. ತಾಯಿಯನ್ನೇ ತೋರಿಸದೆ 'ಮರಿ ನಿಮ್ಮ ಮನೆಗೇ ತಂದುಕೊಡುತ್ತೇವೆ' ಅಂದರೆ ಅನುಮಾನ ಪಡಿ.

ಆಮೇಲೆ ಕಾಗದಪತ್ರ. ವಂಶಾವಳಿ ಪತ್ರ ಅಜ್ಜ ಅಜ್ಜಿ ಯಾರೆಂದು ಹೇಳುತ್ತದೆ, ಆರೋಗ್ಯದ ಬಗ್ಗೆ ಏನೂ ಹೇಳುವುದಿಲ್ಲ. 'ಮರಿಯನ್ನು ಡಾಕ್ಟರ್ ನೋಡಿದ್ದಾರೆ' ಅನ್ನುವುದೂ ಸಾಲದು. ಬೇಕಾದದ್ದು ತಂದೆ ತಾಯಿಯ ಪರೀಕ್ಷೆಗಳು: ಸೊಂಟದ ಕೀಲು ಮತ್ತು ಮುಂಗಾಲಿನ ಮೊಣಕೈ ಕೀಲಿನ ಎಕ್ಸ್‌ರೇ ವರದಿ, ಕಣ್ಣಿನ ತಪಾಸಣೆ, ಮತ್ತು ಎರಡು ಕಾಯಿಲೆಗಳಿಗೆ ಡಿಎನ್‌ಎ ಪರೀಕ್ಷೆ. ಒಂದು, ನಿಧಾನವಾಗಿ ದೃಷ್ಟಿ ಕಳೆಯುವ ರೆಟಿನಾ ಕಾಯಿಲೆ. ಇನ್ನೊಂದು, ಜೋರಾಗಿ ಆಡುವಾಗ ಹಿಂಗಾಲು ಸೋತು ಕುಸಿಯುವ ಕಾಯಿಲೆ. ಈ ಎರಡೂ ಸಾಮಾನ್ಯವಾಗಿ ಬರುವುದು ದೋಷದ ಜೀನ್ ತಂದೆ ತಾಯಿ ಇಬ್ಬರಿಂದಲೂ ಸಿಕ್ಕಾಗ. ಒಬ್ಬರ ವರದಿ ಪೂರ್ತಿ ಶುದ್ಧವಾಗಿದ್ದರೂ ಮರಿ ಬಚಾವು. ಕೀಲಿನ ವಿಷಯ ಹಾಗಲ್ಲ. ಅದರಲ್ಲಿ ಹಲವು ಜೀನ್‌ಗಳ ಜೊತೆ ತೂಕ ಮತ್ತು ಬೆಳೆಸುವ ರೀತಿಯೂ ಸೇರಿಕೊಳ್ಳುತ್ತದೆ.

ಬಣ್ಣದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕಪ್ಪು, ಹಳದಿ, ಚಾಕೊಲೇಟ್ ಮೂರೂ ಒಂದೇ ಸೂಲಿನಲ್ಲಿ ಹುಟ್ಟಬಹುದು. ಬಣ್ಣ ನೋಡಿ ಇದು ಶಾಂತ, ಇದು ಪುಂಡ ಅಂತ ಹೇಳಲಾಗದು. ಆದರೆ ಒಂದು ವಿಷಯ ಗೊತ್ತಿರಲಿ. ಬ್ರಿಟನ್ನಿನ ಲ್ಯಾಬ್‌ಗಳ ಬಗ್ಗೆ 2018ರಲ್ಲಿ ಬಂದ ಅಧ್ಯಯನದಲ್ಲಿ ಚಾಕೊಲೇಟ್ ಬಣ್ಣದವು 10.7 ವರ್ಷ ಬದುಕಿದರೆ ಉಳಿದವು 12.1 ವರ್ಷ ಬದುಕಿದ್ದವು. ಚಾಕೊಲೇಟ್ ನಾಯಿಗಳಲ್ಲಿ ಕಿವಿ, ಚರ್ಮದ ತೊಂದರೆಯೂ ಜಾಸ್ತಿ ಕಂಡಿತ್ತು. ಬಣ್ಣದ ಹಿಂದೆ ಬಿದ್ದು ಚಿಕ್ಕ ಗುಂಪಿನೊಳಗೇ ಕೂಡಿಸುತ್ತಾ ಹೋಗಿದ್ದು ಕಾರಣವಿರಬಹುದು ಅನ್ನುತ್ತಾರೆ. 'ಅಪರೂಪದ ಬೆಳ್ಳಿ ಬಣ್ಣ' ಎಂದು ಹೆಚ್ಚು ದುಡ್ಡು ಕೇಳುವವರಿಂದ ದೂರವಿರಿ.

ಹಂತ 3: ಮರಿಗಳ ಮಧ್ಯೆ ಒಂದು ಗಂಟೆ ಕೂರಿ

ಮರಿಗೆ ಎಂಟು ವಾರ ತುಂಬುವ ಮೊದಲು ತರಬೇಡಿ. ಕಚ್ಚಿದರೆ ನೋವಾಗುತ್ತದೆ ಅನ್ನುವ ಮೊದಲ ಪಾಠ ಅದಕ್ಕೆ ಸಿಗುವುದು ಅಣ್ಣ ತಮ್ಮಂದಿರ ಜೊತೆ ಉರುಳಾಡುವಾಗ. ಆದರೆ ಆರನೇ ವಾರದಿಂದ ನೋಡಲು ಹೋಗಬಹುದು. ಎರಡು ಸಲವಾದರೂ ಹೋಗಿ. ಒಂದು ಸಲ ಹೊಟ್ಟೆ ತುಂಬಿ ತೂಕಡಿಸುತ್ತಿರುವಾಗ, ಇನ್ನೊಂದು ಸಲ ಹಸಿದು ಕುಣಿಯುತ್ತಿರುವಾಗ. ಒಂದೇ ಮರಿ ಎರಡು ಬೇರೆ ನಾಯಿಗಳ ಹಾಗೆ ಕಾಣುತ್ತದೆ. ಈ ವಯಸ್ಸಿನಲ್ಲಿ ಮಾಡುವ 'ಸ್ವಭಾವ ಪರೀಕ್ಷೆ'ಗಳು ದೊಡ್ಡದಾದ ಮೇಲೆ ಹೇಗಿರುತ್ತದೆ ಅಂತ ಅಷ್ಟು ನಂಬಿಕೆಯಿಂದ ಹೇಳಲಾರವು. ಹಾಗಾಗಿ ವಾರಗಟ್ಟಲೆ ಅವುಗಳ ಜೊತೆಗಿದ್ದ ಬ್ರೀಡರ್ ಮಾತಿಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ.

ಆದರೂ ಕೆಲವನ್ನು ನೀವೇ ನೋಡಬಹುದು. ಬೀಗದ ಕೈ ಗೊಂಚಲನ್ನು ತುಸು ದೂರದಲ್ಲಿ ಕೆಳಗೆ ಬೀಳಿಸಿ. ಬೆಚ್ಚುವುದು ತಪ್ಪಲ್ಲ. ಬೆಚ್ಚಿದ ಮೇಲೆ ಎಷ್ಟು ಬೇಗ ಸುಧಾರಿಸಿಕೊಂಡು ಮೂಸಲು ಬರುತ್ತದೆ ಅನ್ನುವುದು ಮುಖ್ಯ. ಎತ್ತಿಕೊಂಡು ಎದೆಗೆ ಒರಗಿಸಿಕೊಳ್ಳಿ. ಸ್ವಲ್ಪ ಕೊಸರಾಡಿ ಆಮೇಲೆ ಮೈ ಸಡಿಲ ಬಿಡುವ ಮರಿ ನನಗೆ ಇಷ್ಟ. ಎಲ್ಲರನ್ನೂ ತುಳಿದುಕೊಂಡು ಮೊದಲು ಓಡಿಬಂದು ಪ್ಯಾಂಟು ಎಳೆಯುವ ಮರಿಗೆ ಎಲ್ಲರೂ ಮರುಳಾಗುತ್ತಾರೆ, 'ನನ್ನನ್ನು ಅದೇ ಆರಿಸಿಕೊಂಡಿತು' ಅನ್ನುತ್ತಾರೆ. ಅದು ಬಂದವರೆಲ್ಲರನ್ನೂ ಹಾಗೆಯೇ ಆರಿಸಿಕೊಳ್ಳುತ್ತದೆ! ಮೂಲೆಯಲ್ಲಿ ಮುದುಡಿದ್ದನ್ನು ಕನಿಕರದಿಂದ ತರುವುದೂ ಬೇಡ. ನಡುವಿನದು ಸಾಕು.

ಮೈ ಪರೀಕ್ಷೆ ಐದು ನಿಮಿಷದ ಕೆಲಸ. ಕಣ್ಣು ಮೂಗು ಸೋರಬಾರದು, ಕಿವಿ ನಾರಬಾರದು. ಉಳಿದ ಮೈ ಬಡಕಲಾಗಿದ್ದು ಹೊಟ್ಟೆ ಮಾತ್ರ ಡೊಳ್ಳಾಗಿದ್ದರೆ ಜಂತುಹುಳು ಇರಬಹುದು. ಹೊಕ್ಕುಳಲ್ಲಿ ಗಂಟು ಇದೆಯಾ ಮುಟ್ಟಿ ನೋಡಿ. ಗಂಡಾದರೆ ಎರಡೂ ವೃಷಣ ಕೈಗೆ ಸಿಗಬೇಕು. ನಡೆಯುವಾಗ ಯಾವ ಕಾಲೂ ಎಳೆಯಬಾರದು. ತಂದ ಎರಡು ಮೂರು ದಿನದೊಳಗೆ ನಿಮ್ಮದೇ ಡಾಕ್ಟರ್‌ಗೆ ತೋರಿಸಿ.

ಹಂತ 4: ಮೊದಲ ಎರಡು ತಿಂಗಳು

ಮರಿ ದಿನಕ್ಕೆ 18ರಿಂದ 20 ಗಂಟೆ ಮಲಗಬೇಕು. ಇದನ್ನು ಯಾರೂ ನಂಬುವುದಿಲ್ಲ. ಸಂಜೆ ಏಳಕ್ಕೆ ಮರಿ ಹುಚ್ಚೆದ್ದು ಸೋಫಾ ಸುತ್ತ ಓಡಿ, ಕೈ ಕಚ್ಚಿ, ಪರದೆ ಜಗ್ಗುತ್ತಿದ್ದರೆ 'ಇನ್ನೂ ಶಕ್ತಿ ಉಳಿದಿದೆ' ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಅದು ನಿದ್ದೆಗೆಟ್ಟ ಮಗುವಿನ ರಂಪ, ಅಷ್ಟೇ. ಒಂದು ಗಂಟೆ ಎಚ್ಚರ, ಎರಡು ಗಂಟೆ ನಿದ್ದೆ ಅನ್ನುವ ಲೆಕ್ಕ ಹಿಡಿಯಿರಿ. ಕ್ರೇಟ್ (ನಾಯಿ ಮಲಗುವ ಪಂಜರದಂಥ ಪೆಟ್ಟಿಗೆ) ಅಥವಾ ಮರಿ ಬೇಲಿ ಇಟ್ಟುಕೊಂಡರೆ ಅನುಕೂಲ. ಊಟ ಅದರೊಳಗೇ ಕೊಡಿ, ಬಾಗಿಲು ತೆರೆದಿಟ್ಟು ಅಭ್ಯಾಸ ಮಾಡಿಸಿ. ಶಿಕ್ಷೆಗೆ ಅದರಲ್ಲಿ ಹಾಕಬೇಡಿ. ಮನೆಮಂದಿ ಅದನ್ನು ಮಲಗಲು ಬಿಡಬೇಕು ಅನ್ನುವುದೇ ಕಷ್ಟದ ಭಾಗ, ಮಕ್ಕಳಿದ್ದರಂತೂ ಕೇಳಲೇಬೇಡಿ.

ಉಚ್ಚೆ ಕಕ್ಕದ ಪಾಠ ಸರಳ. ಎದ್ದ ತಕ್ಷಣ, ತಿಂದ ತಕ್ಷಣ, ಆಡಿದ ತಕ್ಷಣ ಒಂದೇ ಜಾಗಕ್ಕೆ ಕರೆದೊಯ್ಯಿರಿ. ಅಲ್ಲೇ ಮಾಡಿದರೆ ಅಲ್ಲೇ ತಿನಿಸು ಕೊಡಿ. ಒಳಗೆ ಮಾಡಿದರೆ ಸುಮ್ನೆ ಒರೆಸಿ. ಮೂತಿ ತಿಕ್ಕಿದರೆ ಅದು ಕಲಿಯುವುದು ನಿಮ್ಮೆದುರು ಮಾಡಬಾರದು ಅಂತ ಮಾತ್ರ. ಆಮೇಲೆ ಮಂಚದ ಕೆಳಗೆ ಹುಡುಕಬೇಕಾಗುತ್ತದೆ.

ಕಚ್ಚುವುದು ಲ್ಯಾಬ್‌ನಲ್ಲಿ ಜಾಸ್ತಿಯೇ. ಬಾಯಲ್ಲಿ ಹಿಡಿದು ತರುವುದೇ ಕಸುಬಾಗಿದ್ದ ನಾಯಿ, ಜಗತ್ತನ್ನು ಬಾಯಿಂದಲೇ ನೋಡುತ್ತದೆ. 28 ಹಾಲುಹಲ್ಲು ಮೂರು ನಾಲ್ಕು ತಿಂಗಳಿಂದ ಉದುರತೊಡಗಿ, ಏಳು ತಿಂಗಳ ಹೊತ್ತಿಗೆ 42 ಗಟ್ಟಿ ಹಲ್ಲು ಬಂದಿರುತ್ತವೆ. ಅಲ್ಲಿಯವರೆಗೆ ವಸಡು ನವೆಯಾಡುತ್ತಲೇ ಇರುತ್ತದೆ. ಹಲ್ಲು ಚರ್ಮಕ್ಕೆ ತಾಗಿದರೆ ಆಟ ಅಲ್ಲಿಗೇ ನಿಲ್ಲಿಸಿ. ಕೂಗಾಡಬೇಡಿ. ಎದ್ದು ಬೇಲಿಯಾಚೆ ಹೋಗಿ, ಅರ್ಧ ನಿಮಿಷ ಬಿಟ್ಟು ಬನ್ನಿ, ಕೈಯ ಬದಲು ಆಟಿಕೆ ಕೊಡಿ. ದಿನಕ್ಕೆ ಇಪ್ಪತ್ತು ಸಲ ಎದ್ದು ಹೋಗಬೇಕಾದೀತು. ಮನೆಯ ಎಲ್ಲರೂ ಹಾಗೇ ಮಾಡಬೇಕು. ಬಾಯಿ ಒತ್ತಿ ಹಿಡಿಯುವುದು, ಅಂಗಾತ ಕೆಡವಿ ಅದುಮುವುದು ಹೆದರಿಕೆ ಹುಟ್ಟಿಸುತ್ತದೆ, ಪಾಠ ಕಲಿಸುವುದಿಲ್ಲ.

ಲಸಿಕೆ ಆರರಿಂದ ಎಂಟು ವಾರಕ್ಕೆ ಶುರುವಾಗಿ, ಕೆಲವು ವಾರಗಳಿಗೊಮ್ಮೆ ಮುಂದುವರಿದು, ಹದಿನಾರು ವಾರ ಅಥವಾ ಆಮೇಲೆ ಮುಗಿಯುತ್ತದೆ. ತೊಡಕು ಇಲ್ಲೇ. ಹೊಸದನ್ನೆಲ್ಲ ಹೆದರದೆ ಒಪ್ಪಿಕೊಳ್ಳುವ ವಯಸ್ಸು ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದವರೆಗೆ ಮಾತ್ರ. ಲಸಿಕೆ ಪೂರ್ತಿ ಆಗಲಿ ಅಂತ ಮನೆಯಲ್ಲೇ ಇಟ್ಟರೆ ಆ ಕಾಲ ಮುಗಿದುಹೋಗುತ್ತದೆ. ಮರಿಗಳ ಜೀವ ತೆಗೆಯಬಲ್ಲ ಪಾರ್ವೊ ಎಂಬ ವೈರಸ್ ಕಾಯಿಲೆಯ ಭಯವೂ ಸುಳ್ಳಲ್ಲ. ಹಾಗಾಗಿ ನೆಲಕ್ಕೆ ಬಿಡದೆ ಎತ್ತಿಕೊಂಡು ಹೋಗಿ. ವಾಹನದ ಸದ್ದು, ಟೋಪಿ ಹಾಕಿದವರು, ಕೋಲು ಹಿಡಿದವರು, ಸೈಕಲ್, ಮಕ್ಕಳ ಗಲಾಟೆ ಎಲ್ಲ ತೋಳಿನಲ್ಲಿ ಕೂತೇ ನೋಡಲಿ. ಎಲ್ಲರ ಹತ್ತಿರ ಮುದ್ದಿಸಿಕೊಳ್ಳುವುದು ಬೇಕಿಲ್ಲ. ಕಂಡ ಕಂಡವರೆಲ್ಲ ಮುದ್ದಿಸಿದರೆ ಮುಂದೆ 30 ಕೆಜಿಯ ನಾಯಿ ಕಂಡವರ ಮೇಲೆಲ್ಲ ಹಾರುತ್ತದೆ. ನೋಡಿ ಸುಮ್ಮನಿರುವುದೂ ಒಂದು ಪಾಠ.

ಹಂತ 5: ಮೈಗೆ ಎಷ್ಟು ವ್ಯಾಯಾಮ?

ಲ್ಯಾಬ್‌ನ ಎಲುಬಿನ ತುದಿಗಳು ಗಟ್ಟಿಯಾಗಲು ಒಂದು ವರ್ಷ, ಕೆಲವಕ್ಕೆ ಒಂದೂವರೆ ವರ್ಷ ಬೇಕು. ತಿಂಗಳಿಗೆ ಐದು ನಿಮಿಷ, ಅಂದರೆ ನಾಲ್ಕು ತಿಂಗಳ ಮರಿಗೆ ಒಂದು ಸಲಕ್ಕೆ ಇಪ್ಪತ್ತು ನಿಮಿಷ ನಡಿಗೆ ಅನ್ನುವ ಮಾತೊಂದಿದೆ. ಅದು ಅಂದಾಜಿನ ಲೆಕ್ಕ, ಶಾಸನವಲ್ಲ. ಹಗ್ಗ ಹಿಡಿದು ಗಟ್ಟಿ ರಸ್ತೆಯಲ್ಲಿ ಒಂದೇ ಸಮ ನಡೆಸುವುದಕ್ಕೆ ಆ ಮಿತಿ ಇರಲಿ. ಮೆತ್ತನೆ ಹುಲ್ಲಿನಲ್ಲಿ ತನ್ನಿಷ್ಟಕ್ಕೆ ಮೂಸಿಕೊಂಡು, ಓಡಿ, ನಿಂತು, ಕೂತು ಆಡಿದರೆ ತೊಂದರೆಯಿಲ್ಲ. ನಾರ್ವೆಯಲ್ಲಿ ಲ್ಯಾಬ್ ಸೇರಿದಂತೆ ದೊಡ್ಡ ತಳಿಗಳ ಮೇಲೆ ನಡೆದ, 2012ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಹೇಳಿತು. ಮೂರು ತಿಂಗಳೊಳಗೆ ದಿನಾ ಮೆಟ್ಟಿಲು ಹತ್ತಿ ಇಳಿದ ಮರಿಗಳಲ್ಲಿ ಸೊಂಟದ ಕೀಲಿನ ದೋಷ ಜಾಸ್ತಿ. ಮೆತ್ತನೆ ನೆಲದಲ್ಲಿ ಹಗ್ಗವಿಲ್ಲದೆ ಆಡಿದವುಗಳಲ್ಲಿ ಕಡಿಮೆ. ಹಾಗಾಗಿ ಮೆಟ್ಟಿಲಿನಲ್ಲಿ ಎತ್ತಿಕೊಳ್ಳಿ. ಜಾರುವ ನೆಲಕ್ಕೆ ಚಾಪೆ ಹಾಸಿ.

ಈಜು ಲ್ಯಾಬ್‌ಗೆ ಬಂದ ವಿದ್ಯೆ, ಕೀಲಿಗೂ ಒಳ್ಳೆಯದು. ಆದರೆ ಮೊದಲ ದಿನವೇ ಎತ್ತಿ ನೀರಿಗೆ ಹಾಕಬೇಡಿ. ಅಭ್ಯಾಸವಿಲ್ಲದೆ ತಣ್ಣೀರಿನಲ್ಲಿ ಬಹಳ ಹೊತ್ತು ಈಜಿದ ಮರುದಿನ ಬಾಲ ಸತ್ತ ಹಾಗೆ ಜೋತುಬಿದ್ದರೆ ಗಾಬರಿ ಬೇಡ. ಸ್ನಾಯು ಸೋತಿರುತ್ತದೆ, ಕೆಲವು ದಿನ ವಿಶ್ರಾಂತಿ ಕೊಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಬಿಸಿಲು ಮಾತ್ರ ನಿಜವಾದ ಅಪಾಯ. ಎರಡು ಪದರದ ಕೂದಲಿನ ಈ ನಾಯಿಗೆ ಆಟ ಸಿಕ್ಕರೆ ನಿಲ್ಲಿಸುವುದು ಗೊತ್ತಿಲ್ಲ. ನಾಲಿಗೆ ಅಗಲವಾಗಿ ಹೊರಚಾಚಿದರೆ ನೀವೇ ನಿಲ್ಲಿಸಿ. ಹತ್ತು ಹದಿನೈದು ನಿಮಿಷದ ಜೋರು ಆಟದಲ್ಲಿ ಹಿಂಗಾಲು ತಡವರಿಸಿದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಆಗಲೇ ಹೇಳಿದ ಕುಸಿಯುವ ಕಾಯಿಲೆ ಹೀಗೇ ಕಾಣಿಸಿಕೊಳ್ಳುವುದು.

ಹಂತ 6: ಮೂಗಿಗೆ ಕೆಲಸ, ಆಮೇಲೆ ಕಾಯುವ ಪಾಠ

ನನ್ನ ಎರಡನೇ ಲ್ಯಾಬ್ ಬದಲಾಗಿದ್ದು ಇಲ್ಲಿಂದ. ಊಟವನ್ನು ಬಟ್ಟಲಿಗೆ ಸುರಿಯುವುದು ನಿಲ್ಲಿಸಿದೆ. ದಿನದ ಡಾಗ್ ಫುಡ್ ಕಾಳಿನಲ್ಲಿ ಅರ್ಧವನ್ನು ಹುಲ್ಲಿನಲ್ಲಿ ಎರಚಿದೆ. ಬಟ್ಟಲಲ್ಲಿ ಒಂದು ನಿಮಿಷಕ್ಕೆ ಮುಗಿಯುವ ಊಟಕ್ಕೆ ಹದಿನೈದು ನಿಮಿಷ ತಲೆ ತಗ್ಗಿಸಿ ಹುಡುಕಿದಳು. ಆಮೇಲೆ ನೀರು ಕುಡಿದು ಮಲಗಿಯೇಬಿಟ್ಟಳು. ಒಂದು ಗಂಟೆ ಚೆಂಡು ಎಸೆದರೂ ಆಗದಿದ್ದ ಕೆಲಸ!

ಅಲ್ಲಿಂದ ಮುಂದಕ್ಕೆ ಆಟ ಬೆಳೆಸಬಹುದು. ಮೂರು ರಟ್ಟಿನ ಡಬ್ಬಿಯಲ್ಲಿ ಒಂದರೊಳಗೆ ಕಾಳು. ಆಮೇಲೆ ಬಾಗಿಲ ಹಿಂದೆ ಅಡಗಿಸಿದ ಆಟಿಕೆ. ಆಮೇಲೆ ಮನೆಮಂದಿಯೇ ಅಡಗಿ ಕೂತು ಹೆಸರು ಹಿಡಿದು ಕರೆಯುವುದು. ಕರೆದಾಗ ಬರುವ ಪಾಠವೂ ಇದರಲ್ಲೇ ಆಗಿಹೋಗುತ್ತದೆ. ಒಳಗೆ ಟೊಳ್ಳಿರುವ ರಬ್ಬರ್ ಆಟಿಕೆಗೆ ನೆನೆಸಿದ ಕಾಳು ತುಂಬಿ ಫ್ರೀಜರ್‌ನಲ್ಲಿಟ್ಟು ಕೊಟ್ಟರೆ ಅರ್ಧ ಗಂಟೆ ನೆಕ್ಕುತ್ತಾ ಕೂರುತ್ತದೆ, ವಸಡಿಗೂ ತಂಪು. ಬಾಯಿಗೆ ಹಾಕಿಕೊಂಡಿದ್ದನ್ನು ಕಿತ್ತುಕೊಳ್ಳಬೇಡಿ, ಬದಲಿಗೆ ಇನ್ನೊಂದು ಕೊಟ್ಟು 'ಬಿಡು' ಅನ್ನಿ. ಕಿತ್ತುಕೊಂಡು ಅಭ್ಯಾಸವಾದ ಲ್ಯಾಬ್ ಮುಂದೆ ಕಾಲುಚೀಲ ಸಿಕ್ಕಿದ ಕೂಡಲೇ ನುಂಗಿಬಿಡುತ್ತದೆ. ಕಾಲುಚೀಲ, ಕಲ್ಲು, ಜೋಳದ ದಿಂಡು ಇವೆಲ್ಲ ಕರುಳಿನಲ್ಲಿ ಸಿಕ್ಕಿ ಆಪರೇಷನ್‌ವರೆಗೆ ಹೋಗುತ್ತವೆ.

ಈಗ ಚಾಪೆಯ ಪಾಠ. ದಿನಕ್ಕೆ ಐದು ನಿಮಿಷ, ಮರಿ ಒಮ್ಮೆ ಆಡಿ ದಣಿದ ಹೊತ್ತು ನೋಡಿ.

1. ಚಿಕ್ಕ ಚಾಪೆ ಹಾಸಿ, ಏನೂ ಹೇಳದೆ ಪಕ್ಕದಲ್ಲಿ ಕೂರಿ. ಮರಿ ಅದರ ಮೇಲೆ ಕಾಲಿಟ್ಟರೆ ಕಾಲ ಬಳಿ ಒಂದು ಕಾಳು ಇಡಿ.
2. ಕೂತರೆ ಒಂದು, ಮಲಗಿದರೆ ಎರಡು. ಬಾಯಿಗೆ ಕೊಡಬೇಡಿ, ಮುಂಗಾಲಿನ ನಡುವೆ ಇಡಿ. ನಿಧಾನವಾಗಿ. ನಿಮ್ಮ ಕೈ ಚುರುಕಾದರೆ ನಾಯಿಯೂ ಚುರುಕಾಗುತ್ತದೆ.
3. ಎದ್ದು ಹೋದರೆ ಹೋಗಲಿ. ಕರೆಯಬೇಡಿ, ಗದರಬೇಡಿ. ಕಾಳು ಸಿಗುವುದು ಚಾಪೆಯಲ್ಲಿ ಮಾತ್ರ ಅಂತ ಅದಕ್ಕೇ ಹೊಳೆಯಲಿ.
4. ಒಂದು ಸೊಂಟಕ್ಕೆ ಒರಗಿ, ತಲೆ ಕೆಳಗಿಟ್ಟು, ಉಸಿರು ಬಿಟ್ಟಿತಾ? ಅದಕ್ಕೇ ಕಾಯುತ್ತಿದ್ದುದು. ಕಾಳುಗಳ ನಡುವಿನ ಅಂತರ ಜಾಸ್ತಿ ಮಾಡುತ್ತಾ ಹೋಗಿ.
5. ಮುಗಿಸುವಾಗ 'ಆಯ್ತು' ಅಂತ ಹೇಳಿ ಎಬ್ಬಿಸಿ. ಎಬ್ಬಿಸುವುದು ನೀವು, ಅದು ತಾನಾಗಿ ಎದ್ದು ಹೋಗುವ ಮೊದಲು.

ಮೂರು ನಾಲ್ಕು ವಾರದ ಮೇಲೆ ಚಾಪೆ ಊಟದ ಮೇಜಿನ ಪಕ್ಕ, ಆಮೇಲೆ ಬಾಗಿಲ ಬಳಿ, ಆಮೇಲೆ ಬೇರೆಯವರ ಮನೆಗೆ. ಅತಿಥಿ ಬಂದಾಗ ಹಾರುವ ರೋಗಕ್ಕೂ ಇದೇ ಮದ್ದು. ನಾಲ್ಕೂ ಕಾಲು ನೆಲದಲ್ಲಿದ್ದರೆ ಮಾತ್ರ ಮುಟ್ಟುತ್ತೇವೆ ಅನ್ನುವ ನಿಯಮ ಇಟ್ಟುಕೊಳ್ಳಿ. ಅತಿಥಿಗಳು ಇದನ್ನು ಕೇಳುವುದಿಲ್ಲ, 'ಪರವಾಗಿಲ್ಲ, ನನಗೆ ನಾಯಿ ಇಷ್ಟ' ಅನ್ನುತ್ತಾರೆ. ಹಗ್ಗ ಕಟ್ಟಿಯೇ ಬಾಗಿಲು ತೆಗೆಯಿರಿ.

ಚೆಂಡಾಟ ಪೂರ್ತಿ ಬಿಡಬೇಕಿಲ್ಲ. ಐದಾರು ಎಸೆತ ಸಾಕು. ಅದರಲ್ಲಿ ಎರಡು ಸಲ ಎಸೆದ ಮೇಲೆ ನಾಯಿಯನ್ನು ಕೂರಿಸಿ, ಹತ್ತು ಎಣಿಸಿ, ಆಮೇಲೆ 'ಹೋಗು' ಅನ್ನಿ. ಒಂದು ಸಲ ನೀವೇ ನಡೆದು ಹೋಗಿ ಎತ್ತಿಕೊಂಡು ಬನ್ನಿ. ಹಗ್ಗ ಎಳೆಯುವ ನಾಯಿಗೂ ತರ್ಕ ಇದೇ. ಬಿಗಿಯಾದ ತಕ್ಷಣ ನಿಲ್ಲಿ, ಸಡಿಲವಾದ ತಕ್ಷಣ ಹೊರಡಿ. ಮೊದಲ ವಾರ ಬೀದಿ ಕೊನೆ ಮುಟ್ಟುವುದಿಲ್ಲ, ಅದಕ್ಕೆ ಸಿದ್ಧರಾಗಿ.

ಹಂತ 7: ಸದಾ ಹಸಿದ ನಾಯಿ

ಲ್ಯಾಬ್ ನಿಮ್ಮ ತಟ್ಟೆ ನೋಡುವ ನೋಟಕ್ಕೆ ಜೀನ್ ಕೂಡ ಕಾರಣ. ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್‌ಗೆ ಪಿಒಎಂಸಿ ಎಂಬ ಜೀನ್‌ನ ಒಂದು ತುಣುಕು ಇರುವುದಿಲ್ಲ ಎಂದು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದರು. ಅಂಥ ನಾಯಿಗಳಿಗೆ ಊಟ ಊಟದ ನಡುವೆ ಹಸಿವು ಜಾಸ್ತಿ, ಸುಮ್ಮನಿದ್ದಾಗ ಮೈ ಸುಡುವ ಶಕ್ತಿ ಕಡಿಮೆ. ಹಾಗಾಗಿ ಕಣ್ಣಳತೆ ಬೇಡ, ತಕ್ಕಡಿಯಲ್ಲಿ ತೂಗಿ ಹಾಕಿ. ಪಾಠಕ್ಕೆ ಬಳಸುವ ಕಾಳು ಆ ತೂಕದಿಂದಲೇ ತೆಗೆಯಬೇಕು. ಅಮೆರಿಕದಲ್ಲಿ 48 ಲ್ಯಾಬ್‌ಗಳನ್ನು ಮರಿಯಿಂದ ಕೊನೆವರೆಗೆ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶೇ. 25ರಷ್ಟು ಕಡಿಮೆ ತಿಂದವು ಸುಮಾರು ಎರಡು ವರ್ಷ ಜಾಸ್ತಿ ಬದುಕಿದವು. ಕೀಲುನೋವೂ ತಡವಾಗಿ ಬಂತು. ಪಕ್ಕೆಲುಬು ಕಾಣಬಾರದು, ಆದರೆ ಬೆರಳಿಗೆ ಸುಲಭವಾಗಿ ಸಿಗಬೇಕು. ದೊಡ್ಡ ತಳಿಯ ಮರಿಗೆಂದೇ ಮಾಡಿದ ಆಹಾರ ಕೊಡುತ್ತಿದ್ದರೆ ಮೇಲಿಂದ ಕ್ಯಾಲ್ಸಿಯಂ ಸುರಿಯಬೇಡಿ, ಜಾಸ್ತಿ ಕ್ಯಾಲ್ಸಿಯಂ ಬೆಳೆಯುವ ಎಲುಬಿಗೆ ಕೆಟ್ಟದ್ದು. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಚಾಕೊಲೇಟ್, ಝೈಲಿಟಾಲ್ (ಸಕ್ಕರೆಯ ಬದಲು ಬಳಸುವ ಸಿಹಿ ಪದಾರ್ಥ) ಹಾಕಿದ ಚ್ಯೂಯಿಂಗ್ ಗಮ್ ವಿಷ. ಕೈಗೆಟುಕದ ಕಡೆ ಇಟ್ಟಿದ್ದೇವೆ ಅನ್ನಬೇಡಿ, ಲ್ಯಾಬ್‌ಗೆ ಎಲ್ಲವೂ ಎಟುಕುತ್ತದೆ.

ಹಂತ 8: ಆರು ತಿಂಗಳಿಂದ ಎರಡು ವರ್ಷ

ಐದು ತಿಂಗಳಿಗೆ ಎಲ್ಲ ಕಲಿತಿದ್ದ ನಾಯಿ ಎಂಟಕ್ಕೆ ಹೆಸರೂ ಮರೆತ ಹಾಗೆ ಆಡುತ್ತದೆ. ಇದು ನಿಮ್ಮ ಸೋಲಲ್ಲ. ಮಾರ್ಗದರ್ಶಿ ನಾಯಿಗಳಾಗಲು ಬೆಳೆಯುತ್ತಿದ್ದ ಲ್ಯಾಬ್ ಮೊದಲಾದ ನಾಯಿಗಳ ಮೇಲೆ ಬ್ರಿಟನ್ನಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಂಟು ತಿಂಗಳ ವಯಸ್ಸಿನಲ್ಲಿ ಅವು ಸಾಕಿದವರ ಮಾತು ಕೇಳುವುದು ಕಡಿಮೆಯಾಗಿತ್ತು, ಹೊಸಬರ ಮಾತು ಮಾತ್ರ ಕೇಳುತ್ತಿದ್ದವು! ಥೇಟ್ ನಮ್ಮ ಹರೆಯದ ಮಕ್ಕಳ ಹಾಗೆ ಅಲ್ವಾ? ಹರೆಯ ದಾಟಿದ ಮೇಲೆ ಸರಿಹೋಯಿತು. ಈ ಕಾಲದಲ್ಲಿ ಹಗ್ಗ ಬಿಚ್ಚಿ ಬಿಡುವ ಬದಲು ಹತ್ತು ಮೀಟರಿನ ಉದ್ದ ಹಗ್ಗ ಕಟ್ಟಿ. ಅದನ್ನು ಕೊರಳಪಟ್ಟಿಗಲ್ಲ, ಎದೆಯ ಹಾರ್ನೆಸ್‌ಗೆ ಕಟ್ಟಬೇಕು. ಬರುವುದಿಲ್ಲ ಅಂತ ಗೊತ್ತಿದ್ದಾಗ ಕರೆಯಬೇಡಿ. ಕರೆದು ಬಂದಾಗ ಬೈಯಬೇಡಿ.

ಸಂತಾನಹರಣ ಮಾಡಿಸಿದರೆ ಶಾಂತವಾಗುತ್ತದೆ ಎಂದು ಅವಸರ ಮಾಡುವವರಿದ್ದಾರೆ. ಪುಂಡಾಟಕ್ಕೂ ಅದಕ್ಕೂ ಅಷ್ಟು ಸಂಬಂಧವಿಲ್ಲ. ಆರು ತಿಂಗಳೊಳಗೆ ಮಾಡಿಸಿದ ಲ್ಯಾಬ್‌ಗಳಲ್ಲಿ ಕೀಲಿನ ತೊಂದರೆ ಜಾಸ್ತಿ ಎಂದು ಕ್ಯಾಲಿಫೋರ್ನಿಯಾದ ಸಂಶೋಧಕರು ಕಂಡಿದ್ದಾರೆ. ಯಾವಾಗ ಎಂಬುದನ್ನು ಡಾಕ್ಟರ್ ಜೊತೆ ಕೂತು ನಿರ್ಧರಿಸಿ.

ಗುರುಗುಟ್ಟಿ ಕಚ್ಚಲು ಬಂದರೆ, ತಟ್ಟೆಯ ಹತ್ತಿರ ಹೋದರೆ ಮೈ ಬಿಗಿಹಿಡಿದರೆ, ಹೊಡೆಯದೆ ಕಲಿಸುವ ತರಬೇತುದಾರರನ್ನು ಹುಡುಕಿ, ತಡ ಮಾಡಬೇಡಿ. ಹಾಗೇ ಇದ್ದಕ್ಕಿದ್ದಂತೆ ಒಂದು ದಿನ ನಾಯಿ ಆಟ ಬೇಡ ಅಂದರೆ, ಮೆಟ್ಟಿಲ ಬಳಿ ನಿಂತು ಯೋಚಿಸಿದರೆ, ನಡಿಗೆಯ ಅರ್ಧದಲ್ಲಿ ಕೂತುಬಿಟ್ಟರೆ 'ಅಂತೂ ಬುದ್ಧಿ ಬಂತು' ಅಂತ ಖುಷಿಪಡಬೇಡಿ. ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ ಕೀಲು ತೋರಿಸಿ. ಹತ್ತು ತಿಂಗಳ ಲ್ಯಾಬ್ ಒಂದೇ ರಾತ್ರಿಯಲ್ಲಿ ಸುಮ್ಮನಾಗುವುದಿಲ್ಲ.